ಹಳೆಯ ಮನೆ, ಬದಲಾದ ಮಳೆ

(ಸಕಲೇಶಪುರ ಮತ್ತು ಆಲೂರು ಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವ ಕಷ್ಟವನ್ನೂ ಕೂಡಿಸುವ ಕಷ್ಟವನ್ನೂ ಹಿರಿಯರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರು. ಆದರೆ ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟದ ಬಗ್ಗೆ ಆ ಗಾದೆ ಏನನ್ನೂ ಹೇಳುವುದಿಲ್ಲ. ಬಹುಶಃ ಹೇಳುವ ಅಗತ್ಯ ಇರಲಿಲ್ಲ. ಮಲೆನಾಡಿನಲ್ಲಿ ಮನೆ ಉಳಿಸುವುದು ವರ್ಷವರ್ಷವೂ ನಡೆಯುವ ಕೆಲಸವಾಗಿತ್ತು. ಗದ್ದೆಯ ಬದು ಕಟ್ಟುವಷ್ಟೇ, ಕೊಟ್ಟಿಗೆಗೆ ಸೊಪ್ಪು ಹಾಸುವಷ್ಟೇ ಸಹಜವಾದ ಕೆಲಸ. ಇಂದು ಆ ಕೆಲಸಕ್ಕೆ ಬೇಕಾದ ಕೈಗಳೂ ಕಡಿಮೆಯಾಗಿವೆ, ಕಾಲವೂ ಕಡಿಮೆಯಾಗಿದೆ. ಎಷ್ಟೋ ಮನೆಗಳಲ್ಲಿ ಉಳಿದಿರುವುದು ಗಂಡ ಹೆಂಡತಿ ಇಬ್ಬರೇ. ಅವರ ತಲೆಯ ಮೇಲೆ ಅಜ್ಜನ ಕಾಲದ ಮಾಡು, ಮಾಡಿನ ಮೇಲೆ ಲೆಕ್ಕ ತಪ್ಪಿದ ಮಳೆ.

ಕಾಡು, ಹೊಳೆ, ಗುಡ್ಡಗಳ ಬಗ್ಗೆ ಮಾತನಾಡುವ ಸಭೆಯಲ್ಲಿ ಸೋರುವ ಮನೆಯ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಒಂದು ಹಳೆಯ ಮನೆ ಬಿದ್ದರೆ ಅದರ ಬದಲಿಗೆ ಒಂದು ಹೊಸ ಮನೆ ಏಳಬೇಕು. ಅದಕ್ಕಾಗಿ ಎಲ್ಲೋ ಒಂದು ಧರೆಯನ್ನು ಕಡಿಯಬೇಕು, ಯಾವುದೋ ಹೊಳೆಯಿಂದ ಮರಳು ಎತ್ತಬೇಕು, ಯಾವುದೋ ಗುಡ್ಡವನ್ನು ಒಡೆದು ಜಲ್ಲಿ ತರಬೇಕು. ನಿಂತಿರುವ ಮನೆ ಇವೊಂದನ್ನೂ ಕೇಳುವುದಿಲ್ಲ. ಅದು ಕೇಳುವುದು ವರ್ಷಕ್ಕೆ ಕೆಲವು ದಿನಗಳ ದುಡಿಮೆಯನ್ನು ಮಾತ್ರ. ಆದುದರಿಂದ ಮನೆಯ ದುರಸ್ತಿಯೂ ಪರಿಸರದ ಕೆಲಸವೇ.

ಮನೆಯ ಮೈ, ಮನೆಯ ಪಂಚಾಂಗ

ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳಲ್ಲಾಗಲಿ, ಆಲೂರು ತಾಲ್ಲೂಕಿನ ಪಾಳ್ಯ, ಕುಂದೂರು, ಕೆಂಚಮ್ಮನ ಹೊಸಕೋಟೆಯ ಕಡೆಯಾಗಲಿ, ಹಳೆಯ ಮನೆಯ ಮೈ ಬಹುಮಟ್ಟಿಗೆ ಒಂದೇ ಬಗೆಯದು. ಕಲ್ಲಿನ ತಳಪಾಯ, ಅದರ ಮೇಲೆ ದಪ್ಪನೆಯ ಮಣ್ಣಿನ ಗೋಡೆ, ಮರದ ಕಂಬ ತೊಲೆಗಳು, ಇಳಿಜಾರಾದ ಮಾಡು. ಮೊದಲು ಹುಲ್ಲು ಅಥವಾ ನಾಡಹೆಂಚು ಹೊದಿಸುತ್ತಿದ್ದ ಮಾಡಿಗೆ ಕಾಲಕ್ರಮದಲ್ಲಿ ಮಂಗಳೂರು ಹೆಂಚು ಬಂದಿತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಕೆಲವು ಮನೆಗಳಲ್ಲಿ ಹೆಂಚಿನ ಬೆನ್ನಮೇಲೆ ಇದೇ ಇಸವಿಯ ಅಚ್ಚು ಕಂಡು, ಮನೆ ಅಷ್ಟು ಹಳೆಯದೆಂದು ಹೆಮ್ಮೆಪಡುವುದುಂಟು. ಅದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಮನೆ ಕಟ್ಟಿದ ವರ್ಷವಲ್ಲ. ಆದರೂ ಸರಿಯಾಗಿ ಕೈಯಾಡಿಸಿದ ಹೆಂಚು ಎರಡು ಮೂರು ತಲೆಮಾರು ಬಾಳುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಮಣ್ಣಿನ ಗೋಡೆ ನಿಲ್ಲುವುದು ತನ್ನ ಭಾರದಿಂದ ಮತ್ತು ತನ್ನ ಒಣತನದಿಂದ. ಅದಕ್ಕೆ ಶತ್ರುಗಳು ಎರಡೇ: ನೆತ್ತಿಯಿಂದ ಇಳಿಯುವ ನೀರು, ಬುಡದಿಂದ ಏರುವ ನೀರು. ಗದ್ದೆಯಲ್ಲಿ ನಾಟಿ ಮಾಡುವವಳಿಗೆ ಗೊರಬು ಹೇಗೆಯೋ ಗೋಡೆಗೆ ಸೂರು ಹಾಗೆ. ಸೂರು ಹೊರಚಾಚಿದಷ್ಟೂ ಗೋಡೆ ಸುಖಿ. ಬಿಸಿಲೆ, ಮಾರನಹಳ್ಳಿಯ ಕಡೆ ಘಟ್ಟದ ಅಂಚಿನಲ್ಲಿ ಮಳೆ ನೇರವಾಗಿ ಬೀಳುವುದಿಲ್ಲ, ಪಡುವಣ ಗಾಳಿಯ ಜೊತೆ ಅಡ್ಡಡ್ಡ ಬೀಸುತ್ತದೆ. ಪೂರ್ವಕ್ಕೆ ಆಲೂರಿನತ್ತ ಸರಿದಂತೆ ಮಳೆ ಇಳಿಯುತ್ತ ಬರುತ್ತದೆ. ಆದುದರಿಂದಲೇ ಘಟ್ಟದಂಚಿನ ಮನೆಗಳ ಪಡುವಣ ಗೋಡೆಗೆ ಹುಲ್ಲಿನ ಅಥವಾ ಸೋಗೆಯ ತಟ್ಟಿ ಕಟ್ಟುವ ರೂಢಿ ಬೆಳೆಯಿತು.

ಮನೆಗೂ ಒಂದು ಪಂಚಾಂಗವಿತ್ತು. ಕಾಫಿ ಕೊಯ್ಲು ಮುಗಿದು, ಮೆಣಸು ಒಣಗಿ ಚೀಲ ಸೇರಿದ ಮೇಲೆ, ಮೃಗಶಿರ ಮಳೆ ಹಿಡಿಯುವ ಮೊದಲು ಸಿಗುವ ಒಂದೂವರೆ ಎರಡು ತಿಂಗಳು ಮನೆಯ ಕಾಲ. ಆಗ ಹೆಂಚು ಕೈಯಾಡಿಸುವುದು, ಒಡೆದುದನ್ನು ಬದಲಿಸುವುದು, ಗೆದ್ದಲು ಹಿಡಿದ ರೀಪು ತೆಗೆಯುವುದು, ಸುತ್ತಣ ಚರಂಡಿ ಬಿಡಿಸುವುದು, ತಟ್ಟಿ ಕಟ್ಟುವುದು. ಮಾಡಿನ ಮೇಲೆ ಗಂಡಸರು, ಏಣಿಯ ಬುಡದಿಂದ ಹೆಂಚು ದಾಟಿಸಲು ಮಕ್ಕಳು. ಗೋಡೆ ಮತ್ತು ನೆಲ ಹೆಂಗಸರ ಪಾಲು: ಕೆಮ್ಮಣ್ಣು ಕಲಸಿ ಬಿರುಕು ಮೆತ್ತುವುದು, ಸಗಣಿ ಸಾರಿಸುವುದು, ಜೇಡಿ ಬಳಿಯುವುದು. ಯಾರೂ ಇದನ್ನು ದುರಸ್ತಿ ಎಂದು ಕರೆಯುತ್ತಿರಲಿಲ್ಲ. ಮಳೆಗಾಲದ ತಯಾರಿ ಎನ್ನುತ್ತಿದ್ದರು.

ಪಂಚಾಂಗ ತಪ್ಪಿದ ಬಗೆ

ಈ ಪಂಚಾಂಗ ಈಗ ನಂಬಿಕೆಗೆ ಅರ್ಹವಾಗಿ ಉಳಿದಿಲ್ಲ. 2018ರ ಆಗಸ್ಟ್ ನಡುವಿನಲ್ಲಿ, ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತಿಗೆ ಸುರಿದ ಮಳೆಯನ್ನು ಈ ಸೀಮೆಯ ಯಾರೂ ಮರೆತಿಲ್ಲ. ಕೊಡಗಿನಲ್ಲಿ ಗುಡ್ಡಗಳೇ ಜಾರಿದವು. ಶಿರಾಡಿ ಘಾಟಿಯ ಸಂಚಾರ ನಿಂತಿತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ರೈಲುಮಾರ್ಗ ಹಲವೆಡೆ ಮಣ್ಣಿನಡಿ ಹುಗಿದು ವಾರಗಟ್ಟಲೆ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಮತ್ತೆ ನೆರೆ ಬಂದಿತು. 2021ರ ನವೆಂಬರಿನಲ್ಲಿ, ಕಾಫಿ ಹಣ್ಣು ಒಣಗಿಸಬೇಕಾದ ದಿನಗಳಲ್ಲಿ, ಕಣದಲ್ಲಿ ನೀರು ನಿಂತಿತು. 2024ರ ಜುಲೈಯಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ದೊಡ್ಡತಪ್ಪಲೆಯ ಬಳಿ ಧರೆ ಕುಸಿಯಿತು. ಅದೇ ತಿಂಗಳ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ರೈಲುಹಳಿಯ ಅಡಿಯ ಮಣ್ಣು ಜಾರಿತು. 30ರ ನಸುಕಿನಲ್ಲಿ ಕೇರಳದ ವಯನಾಡಿನ ಮುಂಡಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋದವು.

ಇವು ಪತ್ರಿಕೆಯಲ್ಲಿ ಬಂದ ಸುದ್ದಿಗಳು. ಪತ್ರಿಕೆಯಲ್ಲಿ ಬಾರದ ಸುದ್ದಿ ಮನೆಯ ಕಾಲ ಕಿರಿದಾದುದು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. ವಾಡಿಕೆಯ ದಿನ ಜೂನ್ 1. 2009ರ ನಂತರ ಅಷ್ಟು ಬೇಗ ಮಳೆಗಾಲ ಹಿಡಿದುದು ಅದೇ ಮೊದಲು. ಒಂದು ವಾರ ಎಂಬುದು ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸಣ್ಣ ಅಂತರವಿರಬಹುದು. ಹೆಂಚು ಕೆಳಗಿಳಿಸಿ, ಮಾಡನ್ನು ತೆರೆದಿಟ್ಟು, ನಾಳೆ ಬಡಗಿ ಬರುತ್ತಾನೆಂದು ಕಾದು ಕುಳಿತ ಮನೆಗೆ ಒಂದು ವಾರವೆಂದರೆ ಸರ್ವಸ್ವ.

ಇಬ್ಬರು, ಒಂದು ಮನೆ

ಅಂತಹ ಒಂದು ಮನೆಯನ್ನು ಸಭಿಕರು ಕಣ್ಣಮುಂದೆ ತಂದುಕೊಳ್ಳಬೇಕು. ಇದು ಯಾವ ಒಬ್ಬರ ಕಥೆಯೂ ಅಲ್ಲ, ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೇ ಸೂರಿನಡಿ ತಂದು ಹೇಳುವುದು. ಅಣ್ಣತಮ್ಮಂದಿರ ಪಾಲಿನಲ್ಲಿ ಕಿರಿಯವನಿಗೆ ಹಳೆಯ ಮನೆ ಬಂದಿದೆ. ಗಂಡನಿಗೆ ಐವತ್ತರ ಹತ್ತಿರ, ಹೆಂಡತಿಗೆ ನಾಲ್ಕಾರು ವರ್ಷ ಕಡಿಮೆ. ಮಗ ಬೆಂಗಳೂರಿನಲ್ಲಿದ್ದಾನೆ. ಮೆಣಸು ಮಾರಿದ ಹಣದಲ್ಲಿ ಮಾಡು ಸರಿಪಡಿಸುವುದೆಂದು ತೀರ್ಮಾನವಾಗಿದೆ. ಬಡಗಿ ಏಪ್ರಿಲ್‌ನಲ್ಲಿ ಬರುವೆನೆಂದವನು ಮೇ ಮೂರನೆಯ ವಾರಕ್ಕೆ ಬಂದಿದ್ದಾನೆ. ಪಡುವಣ ಮಾಡಿನ ಹೆಂಚು ಅರ್ಧ ಇಳಿಸಿದ್ದಾಗಿದೆ. ಆ ರಾತ್ರಿಯೇ ಮಳೆ ಹಿಡಿದಿದೆ. ಹಿಡಿದುದು ಬಿಟ್ಟಿಲ್ಲ.

ಮೊದಲ ಮೂರು ದಿನ ಟಾರ್ಪಾಲು, ಹಗ್ಗ, ಪಾತ್ರೆಗಳ ಯುದ್ಧ. ನಾಲ್ಕನೆಯ ದಿನ ಮಾತಿನ ಯುದ್ಧ. ಗಂಡನ ಪ್ರಕಾರ ಇನ್ನು ಈ ಮನೆಯ ಸಹವಾಸ ಸಾಕು: ಹಳೆಯ ಕಂಬ, ಬಾಗಿಲುವಾಡಗಳನ್ನು ಕೊಳ್ಳುವ ವ್ಯಾಪಾರಿಗೆ ಕೊಟ್ಟು, ಮೇಲಿನ ತಿಟ್ಟನ್ನು ಜೆಸಿಬಿಯಿಂದ ಸಮ ಮಾಡಿಸಿ ತಾರಸಿ ಮನೆ ಕಟ್ಟಿಸುವುದು. ಹೆಂಡತಿಯ ಲೆಕ್ಕ ಬೇರೆ. ಅವಳು ಹೇಳುವುದು ಇಷ್ಟು: “ರೀ, ಅಡಿಗೆಮನೆ ಮೂಲೇಲಿ ಸೋರ್ತಿರೋದು ಹೆಂಚಿಂದಲ್ಲ. ಮೇಲೆ ಹನಿ ಇಲ್ದಿದ್ರೂ ಗೋಡೆ ಬುಡ ಒದ್ದೆ ಇರುತ್ತೆ. ಹಿತ್ತಿಲ ಧರೆ ನೀರು ಒಳಗೆ ಬರ್ತಿದೆ. ಮೊದ್ಲು ಅದನ್ನ ನೋಡಿ.”

ಈ ಮಾತಿನಲ್ಲಿ ಇಡೀ ಉಪನ್ಯಾಸದ ಸಾರವಿದೆ. ಮನೆಯ ಬಗೆಗಿನ ತಿಳಿವಳಿಕೆ ಇಬ್ಬರಲ್ಲಿ ಹಂಚಿಹೋಗಿದೆ. ಮಾಡಿನ ಮೇಲೆ ಹತ್ತುವವನಿಗೆ ಯಾವ ಪಕಾಸು ಕುಂಬಾಗಿದೆ, ಯಾವ ಸಾಲಿನ ಹೆಂಚು ಜಾರಿದೆ ಎಂಬುದು ಗೊತ್ತು. ಒಳಗೆ ದಿನವಿಡೀ ಓಡಾಡುವವಳಿಗೆ ಯಾವ ಮಳೆಗೆ ಯಾವ ಮೂಲೆ ನೆನೆಯುತ್ತದೆ, ಯಾವ ಬಾಗಿಲು ಈ ವರ್ಷ ಬಿಗಿಯಾಗಿದೆ, ಯಾವ ಗೋಡೆ ಮುಟ್ಟಿದರೆ ತಣ್ಣಗಿದೆ ಎಂಬುದು ಗೊತ್ತು. ಗುತ್ತಿಗೆದಾರ ಬಂದಾಗ ಅಂಗಳದಲ್ಲಿ ನಿಂತು ಮಾತನಾಡುವುದು ಗಂಡಸಿನ ಜೊತೆ ಮಾತ್ರ. ಹೀಗಾಗಿ ಅರ್ಧ ತಿಳಿವಳಿಕೆಯಿಂದ ಪೂರ್ಣ ಖರ್ಚು ಆಗುತ್ತದೆ. ದುರಸ್ತಿಯ ಮೊದಲ ದಿನ ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ಜೋರು ಮಳೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಡಿ ಮನೆಯ ಸುತ್ತ ಒಮ್ಮೆ, ಒಳಗೆ ಒಮ್ಮೆ ನಡೆದು ನೋಡಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೋಗುತ್ತದೆ ಎಂಬುದನ್ನು ಇದ್ದಿಲಿನಿಂದ ಗೋಡೆಯ ಮೇಲೆಯೇ ಗುರುತು ಹಾಕಬೇಕು. ಬೇಸಗೆಯಲ್ಲಿ ಮುಚ್ಚಿಟ್ಟ ಗುಟ್ಟನ್ನು ಮನೆ ಮಳೆಯಲ್ಲಿ ಬಿಟ್ಟುಕೊಡುತ್ತದೆ. ಕೆಟ್ಟ ಮಳೆಯಿಂದ ಆಗುವ ಒಂದೇ ಉಪಕಾರ ಇದು.

ಮಳೆಯ ನಡುವೆ ಕೆಲಸದ ಕ್ರಮ

ಮಳೆಯ ನಡುವೆ ಎಲ್ಲ ಕೆಲಸವನ್ನೂ ಮಾಡಲಾಗದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿವೇಕ ಮುಖ್ಯ.

ಎಲ್ಲಕ್ಕೂ ಮೊದಲು ಪ್ರಾಣ. ಮನೆಯ ಹಿಂದಿನ ಧರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ತಿಳಿಯಾಗಿ ಒಸರುತ್ತಿದ್ದ ನೀರು ಏಕಾಏಕಿ ಕೆಂಪಾದರೆ ಅಥವಾ ನಿಂತುಹೋದರೆ, ನೆಟ್ಟಗಿದ್ದ ಮರಗಳು ವಾಲಿದರೆ, ಅದು ದುರಸ್ತಿಯ ಹೊತ್ತಲ್ಲ. ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗುವ ಹೊತ್ತು. ಗೋಡೆಯ ಬುಡ ಉಬ್ಬಿದ್ದರೆ, ಮೂಲೆಯಲ್ಲಿ ನೆತ್ತಿಯಿಂದ ಬುಡದವರೆಗೆ ಬಿರುಕು ಬಿಟ್ಟಿದ್ದರೆ, ಆ ಗೋಡೆಯ ಪಕ್ಕ ಮಲಗಬಾರದು. ಒದ್ದೆಯಾದ ಮಣ್ಣಿನ ಗೋಡೆ ಬೀಳುವಾಗ ಹೇಳಿ ಬೀಳುವುದಿಲ್ಲ. ಮಲಗಿದ್ದವರ ಮೇಲೆ ಗೋಡೆ ಬಿದ್ದ ಸುದ್ದಿಯನ್ನು ಪ್ರತಿ ಮಳೆಗಾಲದಲ್ಲೂ ಓದುತ್ತೇವೆ ಎಂಬುದನ್ನು ಯಾರೂ ಮರೆಯಬಾರದು. ಪಾಚಿ ಕಟ್ಟಿದ ಹೆಂಚಿನ ಮೇಲೆ ಒಬ್ಬರೇ ಹತ್ತುವುದೂ ಅಷ್ಟೇ ಅಪಾಯ. ಏಣಿಯ ಬುಡದಲ್ಲಿ ಇನ್ನೊಬ್ಬರು ಇರಲೇಬೇಕು, ಗಾಳಿಯಿದ್ದಾಗ ಯಾರೂ ಹತ್ತಬಾರದು, ವಿದ್ಯುತ್ತಿನ ಮೈನ್ ಸ್ವಿಚ್ಚನ್ನು ಮೊದಲೇ ಆರಿಸಿರಬೇಕು.

ಎರಡನೆಯದು ಬುಡದ ನೀರು. ಧರೆಗೂ ಗೋಡೆಗೂ ನಡುವೆ ಬಸಿಗಾಲುವೆ ತೆಗೆದು, ನೀರನ್ನು ಮನೆಯ ಎರಡೂ ಬದಿಗೆ ತಿರುಗಿಸಿ ಇಳಿಜಾರಿಗೆ ಬಿಡುವುದು. ಕಾಫಿ ತೋಟದಲ್ಲಿ ಇದನ್ನು ಮಾಡಿ ಬಲ್ಲವರಿಗೆ ಹಿತ್ತಿಲಿನಲ್ಲಿ ಮಾಡುವುದು ಕಷ್ಟವಲ್ಲ. ಗೋಡೆಯ ಬುಡವನ್ನೇ ಅಗೆದು ಸಡಿಲ ಮಾಡಬಾರದು, ಧರೆಯ ಪಾದವನ್ನೂ ಕಡಿಯಬಾರದು. ವರ್ಷವರ್ಷವೂ ಗುಡಿಸಿ ತಂದ ಮಣ್ಣು ಸೇರಿ ಅಂಗಳ ಎತ್ತರವಾಗಿ ಕಲ್ಲಿನ ತಳಪಾಯವೇ ಮುಚ್ಚಿಹೋಗಿರುವ ಮನೆಗಳು ಬಹಳ. ಆ ಮಣ್ಣನ್ನು ತೆಗೆದು ಕಲ್ಲು ಮತ್ತೆ ಕಾಣುವಂತೆ ಮಾಡಿದರೆ ಅರ್ಧ ತೇವ ಕಡಿಮೆಯಾಗುತ್ತದೆ. ಈ ಕೆಲಸಕ್ಕೆ ಸಿಮೆಂಟೂ ಬೇಡ, ಮೇಸ್ತ್ರಿಯೂ ಬೇಡ. ಕೊಪ್ಪೆ ಹೊದ್ದು, ಹಾರೆ ಗುದ್ದಲಿ ಹಿಡಿದು ಮಳೆಯಲ್ಲೇ ಮಾಡಬಹುದು.

ಮೂರನೆಯದು ಮಾಡು. ಮಳೆಗಾಲದಲ್ಲಿ ಇಡೀ ಮಾಡನ್ನು ಬಿಚ್ಚುವ ಸಾಹಸ ಬೇಡ. ಹೊಳವು ಸಿಕ್ಕ ದಿನ ಎರಡು ಮೂರು ಸಾಲು ಮಾತ್ರ ತೆಗೆದು, ಅಷ್ಟನ್ನೇ ಸರಿಪಡಿಸಿ, ಸಂಜೆಯೊಳಗೆ ಮುಚ್ಚಬೇಕು. ಸೋರುವುದು ಹೆಚ್ಚಾಗಿ ಹೆಂಚಿನ ನಡುವೆ ಅಲ್ಲ. ನೆತ್ತಿಯಲ್ಲಿ, ಮತ್ತು ಎರಡು ಮಾಡುಗಳು ಕೂಡುವ ಕಡೆ ಹಾಕಿದ ತಗಡಿನ ದೋಣಿಯಲ್ಲಿ. ದೋಣಿಯಲ್ಲಿ ಕಟ್ಟಿದ ಎಲೆಕಸ ತೆಗೆಯುವುದರಿಂದಲೇ ಎಷ್ಟೋ ಸೋರುವಿಕೆ ನಿಲ್ಲುತ್ತದೆ. ಒಂದು ಹೆಂಚು ಎರಡರಿಂದ ಮೂರು ಕಿಲೋ ತೂಗುತ್ತದೆ, ನೀರು ಕುಡಿದರೆ ಇನ್ನೂ ಭಾರ. ಕುಂಬಾದ ಪಕಾಸಿನ ಮೇಲೆ ಹೊಸ ಹೆಂಚು ಹೊರಿಸಿದರೆ ದುರಸ್ತಿಯೇ ಅಪಘಾತವಾದೀತು. ಮರ ಬದಲಿಸಲು ಆಗದಿದ್ದರೆ ಒಳಗಿನಿಂದ ಊರುಗೋಲು ಕೊಟ್ಟು ನಿಲ್ಲಿಸಿ, ಬೇಸಗೆಗೆ ಕಾಯುವುದು ಮೇಲು.

ನಾಲ್ಕನೆಯದು ಪಡುವಣ ಗೋಡೆ. ಮಳೆಯಲ್ಲಿ ಮಣ್ಣು ಮೆತ್ತಿದರೆ ಒಣಗುವುದಿಲ್ಲ, ಸುಣ್ಣ ಬಳಿದರೆ ತೊಳೆದುಹೋಗುತ್ತದೆ. ಆದುದರಿಂದ ಆಗ ಮಾಡಬೇಕಾದುದು ತಟ್ಟಿ ಕಟ್ಟುವುದಷ್ಟೇ. ಸೋಗೆ ಸಿಗದಿದ್ದರೆ ಹಳೆಯ ತಗಡಾದರೂ ಆದೀತು; ಗೋಡೆಗೂ ತಗಡಿಗೂ ನಡುವೆ ಗಾಳಿಯಾಡಲು ಗೇಣಗಲ ಜಾಗ ಇರಬೇಕು. ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಅಂಟಿದಂತೆ ಕಟ್ಟಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆ ಬೆವರುತ್ತದೆ. ಮೆತ್ತುವ, ಬಳಿಯುವ ಕೆಲಸ ಹಸ್ತ, ಚಿತ್ತೆ ಮುಗಿದು ಬಿಸಿಲು ಕಂಡ ಮೇಲೆ, ಕಾಫಿ ಕೊಯ್ಲಿಗೆ ಮೊದಲು ಆಗಬೇಕು. ಅಂದರೆ ವರ್ಷಕ್ಕೆ ಒಂದು ಮನೆಯ ಕಾಲವಿದ್ದ ಕಡೆ ಈಗ ಎರಡು ಬೇಕು: ಮಾಡಿಗೆ ಬೇಸಗೆ, ಗೋಡೆಗೆ ಶರದೃತು.

ಸಿಮೆಂಟಿನ ಮೋಹ, ತಾರಸಿಯ ಮೋಹ

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಸಾರಣೆ ಮಾಡಿಸಿದರೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಮೊದಲ ಎರಡು ವರ್ಷ ಹಾಗೆಯೇ ಕಾಣುತ್ತದೆ ಕೂಡ. ಮಣ್ಣು ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗುತ್ತದೆ, ಸಿಮೆಂಟು ಹಾಗೆ ಬಾಗುವುದಿಲ್ಲ. ಕೂದಲೆಳೆಯಂತಹ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ಹೊರಗೆ ಬಿಳಿ ಬಣ್ಣ, ಒಳಗೆ ಕೆಸರು. ಒಂದು ದಿನ ಸಾರಣೆ ಹಲಗೆಯಂತೆ ಕಳಚಿ ಬೀಳುತ್ತದೆ, ಜೊತೆಗೆ ಗೋಡೆಯ ಅರ್ಧ ದಪ್ಪವೂ ಬರುತ್ತದೆ. ಮಣ್ಣಿಗೆ ಮಣ್ಣೇ, ಅದರ ಮೇಲೆ ಸುಣ್ಣವೇ ಹಿತ. ಇವೆರಡೂ ತೇವ ಕುಡಿದು ತೇವ ಬಿಡಬಲ್ಲವು. ಸುಣ್ಣದ ಗಾರೆಯ ತಾಳ್ಮೆಯನ್ನು ನೋಡಬೇಕೆನ್ನುವ ವಿದ್ಯಾರ್ಥಿಗಳು ಗೊರೂರು ಜಲಾಶಯದ ಹಿನ್ನೀರಿನ ಶೆಟ್ಟಿಹಳ್ಳಿಗೆ ಹೋಗಬಹುದು. ಹತ್ತೊಂಬತ್ತನೆಯ ಶತಮಾನದ ಆ ಇಗರ್ಜಿ ಮಾಡಿಲ್ಲದೆಯೂ ದಶಕಗಳಿಂದ ಮಳೆಗಾಲದಲ್ಲಿ ಮುಳುಗುತ್ತ, ಬೇಸಗೆಯಲ್ಲಿ ಏಳುತ್ತ ಬಂದಿದೆ. ಕಮಾನುಗಳು ಕಳಚುತ್ತಿವೆ ನಿಜ. ಆದರೆ ಎಷ್ಟು ನಿಧಾನವಾಗಿ!

ಬಿದ್ದುಹೋದ ಭಾಗವನ್ನು ಮತ್ತೆ ಕಟ್ಟಬೇಕಾದಾಗಲೂ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಕೈಯಂತ್ರದಿಂದ ಒತ್ತುವ ಇಟ್ಟಿಗೆಯನ್ನು ರೂಢಿಗೆ ತಂದರು. ಇದನ್ನು ಸುಡಲು ಸೌದೆ ಬೇಡ. ಸೂರು ಚೆನ್ನಾಗಿದ್ದರೆ ಮಲೆನಾಡಿನ ಮಳೆಗೂ ನಿಲ್ಲುತ್ತದೆ.

ಕಾಫಿ ನಾಡಿನಾಚೆಯ ಒಂದು ಜೋಡಿಯನ್ನೂ ಇಲ್ಲಿ ನೆನೆಯಬಹುದು. ಇಂಗ್ಲೆಂಡಿನಿಂದ ಬಂದ ವಾಸ್ತುಶಿಲ್ಪಿ ಲಾರಿ ಬೇಕರ್ ಮತ್ತು ಕೇರಳದ ವೈದ್ಯೆ ಡಾ. ಎಲಿಜಬೆತ್ ಜೇಕಬ್ 1948ರಲ್ಲಿ ಮದುವೆಯಾಗಿ ಹಿಮಾಲಯದ ಪಿಥೋರಗಢದಲ್ಲಿ ನೆಲೆಸಿದರು. ಆಕೆ ಚಿಕಿತ್ಸೆ ಮಾಡಿದರು, ಆತ ಮನೆ, ಆಸ್ಪತ್ರೆ ಕಟ್ಟಿದರು. ಓದಿ ಬಂದ ವಿದ್ಯೆ ಆ ಗುಡ್ಡಗಳಲ್ಲಿ ಕೆಲಸಕ್ಕೆ ಬಾರದು, ಅಲ್ಲಿನ ಕಲ್ಲು ಮಣ್ಣಿನ ಮನೆಗಳೇ ಗುರು ಎಂದು ಬೇಕರ್ ಅಲ್ಲಿಯೇ ಕಲಿತರು. ಮುಂದೆ ಕೇರಳದಲ್ಲಿ ಅವರು ಕಟ್ಟಿದ ಕಡಿಮೆ ಖರ್ಚಿನ ಮನೆಗಳಿಗೆ ಆ ಪಾಠವೇ ಅಡಿಪಾಯ.

ತಾರಸಿ ಮನೆ ಬೇಕೆನ್ನುವವರನ್ನು ಹೀಗಳೆಯುವುದು ಈ ಮಾತಿನ ಉದ್ದೇಶವಲ್ಲ. ವರ್ಷವರ್ಷ ಸಗಣಿ ಸಾರಿಸಿ, ಹೊಗೆ ಕುಡಿದು ಸೋತ ಹೆಂಗಸು ಹೊಸ ಮನೆ ಬಯಸಿದರೆ ಅದರಲ್ಲಿ ತಪ್ಪೇನು? ಒಲೆಯ ಹೊಗೆ ಮಾಡಿನ ಮರವನ್ನು ಹುಳುವಿನಿಂದ ಕಾಯುತ್ತಿತ್ತು ನಿಜ. ಆದರೆ ಮರದ ಆಯುಷ್ಯಕ್ಕಾಗಿ ಮನೆಯವಳ ಶ್ವಾಸಕೋಶವನ್ನು ತೆರಬೇಕಾಗಿಲ್ಲ. ಹೊಗೆನಾಳವುಳ್ಳ ಅಸ್ತ್ರ ಒಲೆಯೋ ಅನಿಲದ ಒಲೆಯೋ ಇರಲಿ. ಮರಕ್ಕೆ ಬೇಸಗೆಯಲ್ಲಿ ಗೇರೆಣ್ಣೆ ಹಚ್ಚಿದರೆ ಸಾಕು, ಚರ್ಮ ಸುಡದಂತೆ ಕೈಗವಸು ಹಾಕಿಕೊಳ್ಳಬೇಕು ಅಷ್ಟೆ. ನೆಲಕ್ಕೆ ಕೆಂಪು ಗಾರೆ ಹಾಕಿಸಬಹುದು, ಒಂದೆರಡು ಗಾಜಿನ ಹೆಂಚಿಟ್ಟು ಬೆಳಕು ತರಬಹುದು. ಹಳೆಯ ಮನೆ ಉಳಿಯಬೇಕಾದರೆ ಅದರೊಳಗಿನ ಹೆಂಗಸಿನ ದುಡಿಮೆ ಹಗುರಾಗಬೇಕು. ಹಾಗಾಗದಿದ್ದರೆ ಆ ಮನೆಯನ್ನು ಉಳಿಸಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನು ತಾರಸಿಯೇ ಮಳೆಗೆ ಉತ್ತರವೆನ್ನುವವರು ಸಕಲೇಶಪುರದ ಯಾವ ಬೀದಿಯಲ್ಲಾದರೂ ತಲೆಯೆತ್ತಿ ನೋಡಬೇಕು. ಸೋರಿದ ತಾರಸಿಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರು ತಗಡಿನ ಮಾಡು ಹೊದಿಸಿರುವುದು ಕಾಣುತ್ತದೆ. ಅಜ್ಜನ ಮಾಡನ್ನು ಬೇಡವೆಂದವರು ಮೊಮ್ಮಗನ ಖರ್ಚಿನಲ್ಲಿ ಮತ್ತೆ ಮಾಡಿನಡಿಗೇ ಬಂದಿದ್ದಾರೆ. ಅದಕ್ಕಿಂತ ದೊಡ್ಡ ವಿಷಯ ಮನೆ ನಿಲ್ಲುವ ಜಾಗ. ಹಳೆಯ ಮನೆ ನೂರು ಮಳೆಗಾಲದ ಪರೀಕ್ಷೆಯನ್ನು ಅದೇ ಜಾಗದಲ್ಲಿ ದಾಟಿದೆ. ಜೆಸಿಬಿ ಕಡಿದ ಹೊಸ ತಿಟ್ಟು ಒಂದು ಮಳೆಯನ್ನೂ ಕಂಡಿಲ್ಲ. ರಸ್ತೆ ಅಗಲಿಸಲು ಧರೆಯನ್ನು ನೆಟ್ಟಗೆ ಕಡಿದುದರ ಫಲವನ್ನು ಹೆದ್ದಾರಿಯಲ್ಲಿ ಕಂಡು ಬೈಯುವವರು ಹಿತ್ತಿಲಿನಲ್ಲಿ ಅದನ್ನೇ ಸಣ್ಣ ಅಳತೆಯಲ್ಲಿ ಮಾಡಿಸಬಾರದು.

ಬಿದ್ದರೆ ಹಣ, ನಿಂತರೆ?

2019ರ ನೆರೆಯ ನಂತರ ರಾಜ್ಯ ಸರ್ಕಾರ ಮನೆಗಳ ಹಾನಿಯನ್ನು ವರ್ಗಗಳಾಗಿ ವಿಂಗಡಿಸಿತು. ಶೇಕಡಾ 75ಕ್ಕೂ ಹೆಚ್ಚು ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ. ಶೇಕಡಾ 25ರಿಂದ 75ರಷ್ಟು ಹಾನಿಯಾಗಿದ್ದರೆ, ಕೆಡವಿ ಕಟ್ಟುವವರಿಗೆ 5 ಲಕ್ಷ, ದುರಸ್ತಿ ಮಾಡಿಕೊಳ್ಳುವವರಿಗೆ 3 ಲಕ್ಷ. ಶೇಕಡಾ 15ರಿಂದ 25ರ ನಡುವೆ 50,000. ಮನೆ ಕಳೆದುಕೊಂಡವರಿಗೆ ಅದು ದೊಡ್ಡ ಆಸರೆಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂತಹ ಲೆಕ್ಕದ ಒಳಗಿನ ಪಾಠವನ್ನು ಗಮನಿಸಬೇಕು. ಹೆಚ್ಚು ಬಿದ್ದಷ್ಟೂ ಹೆಚ್ಚು ಹಣ. ಉಳಿಸಿಕೊಂಡವನಿಗೆ ಕೆಡವಿದವನಿಗಿಂತ ಕಡಿಮೆ. ಬೀಳದಂತೆ ಮೊದಲೇ ನೋಡಿಕೊಂಡವನಿಗೆ ಏನೂ ಇಲ್ಲ. ಹೆಂಚು ಬದಲಿಸಲು ಕೆಲವು ಸಾವಿರ ಸಿಗದ ಮನೆ, ಮುಂದೊಂದು ಆಶ್ಲೇಷ ಮಳೆಯಲ್ಲಿ ಲಕ್ಷಗಳ ಪರಿಹಾರದ ಮನೆಯಾಗುತ್ತದೆ. ಅಷ್ಟರಲ್ಲಿ ಅದರೊಳಗಿನ ಜೀವಗಳು ಏನಾದವು ಎಂಬುದು ಅದೃಷ್ಟಕ್ಕೆ ಬಿಟ್ಟ ವಿಷಯ.

ಆದುದರಿಂದ ಗ್ರಾಮಸಭೆಗಳಲ್ಲಿ ಇಡಬೇಕಾದ ಬೇಡಿಕೆ ಸ್ಪಷ್ಟವಾಗಿದೆ. ಮಳೆಗಾಲಕ್ಕೆ ಮೊದಲು ಹಳೆಯ ಮನೆಗಳ ಪರಿಶೀಲನೆ ನಡೆಯಲಿ, ಬೀಳುವ ಮೊದಲೇ ಸಣ್ಣ ದುರಸ್ತಿಗೆ ನೆರವು ಸಿಗಲಿ, ಧರೆ ಕಡಿಯುವ ಮುನ್ನ ಪಂಚಾಯತಿಯ ಗಮನಕ್ಕೆ ಬರಲಿ. ಪಶ್ಚಿಮ ಘಟ್ಟದ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿ ನೀಡಿದ ವರದಿಯ ಸುತ್ತ ಈ ಸೀಮೆಯಲ್ಲಿ ಬಿಸಿ ಚರ್ಚೆ ನಡೆದಿದೆ. ಆ ವರದಿ ಉಕ್ಕು, ಸಿಮೆಂಟು, ಮರಳುಗಳನ್ನು ಮಿತವಾಗಿ ಬಳಸುವ ಕಟ್ಟಡ ನಿಯಮಗಳನ್ನು ರೂಪಿಸಬೇಕೆಂದೂ ಸೂಚಿಸಿತ್ತು. ವರದಿಯ ಪರವಾದವರೂ ವಿರೋಧಿಗಳೂ ಈ ಒಂದು ಮಾತನ್ನು ಜಗಲಿಯ ಮೇಲೆ ಕೂತು ಒಟ್ಟಿಗೆ ಚರ್ಚಿಸಬಹುದು. ಏಕೆಂದರೆ ಹಳೆಯ ಮನೆಗಳಲ್ಲಿ ಇಬ್ಬರೂ ಇದ್ದಾರೆ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ತಮ್ಮ ಊರಿನ ಹಳೆಯ ಮನೆಗಳ ಪಟ್ಟಿ ಮಾಡುವುದು. ಯಾವ ಗೋಡೆ ಯಾವ ಮಳೆಯಲ್ಲಿ ನೆನೆಯಿತು ಎಂದು ಮನೆಯ ಹೆಂಗಸರನ್ನು ಕೇಳಿ ಬರೆದಿಡುವುದು. ಹೆಂಚು ಕೈಯಾಡಿಸಬಲ್ಲ, ಗಾರೆ ಅರೆಯಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕ ನಿಂತು ಒಂದು ದಿನವಾದರೂ ಕಲಿಯುವುದು. ಹಿಂದೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದಂತೆ ಈಗ ಮಾಡಿಗೆ ಮುಯ್ಯಾಳು ಹೋಗುವ ರೂಢಿ ಬೆಳೆದರೆ, ಇಬ್ಬರೇ ಉಳಿದ ಮನೆಗಳಲ್ಲಿ ಏಣಿಯ ಬುಡ ಹಿಡಿಯಲು ಮೂರನೆಯವರು ಸಿಕ್ಕಾರು.

ಅರ್ಧ ಮಾಡು ತೆರೆದುಕೊಂಡು ಮಳೆಗೆ ಸಿಕ್ಕ ಆ ದಂಪತಿಗೆ ಮರಳಿ ಬರೋಣ. ಅವರ ಮುಂದೆ ಎರಡು ದಾರಿಗಳಿವೆ. ಕಂಬ ಮಾರಿ, ತಿಟ್ಟು ಕಡಿಸಿ, ಸಾಲ ಮಾಡುವುದು ಒಂದು. ಹಿತ್ತಿಲಿನ ಬಸಿಗಾಲುವೆ ಬಿಡಿಸಿ, ಹೊಳವು ಕಂಡಾಗ ಎರಡೆರಡು ಸಾಲು ಹೆಂಚು ಹೊದಿಸಿ, ತಟ್ಟಿ ಕಟ್ಟಿ, ಹಸ್ತ ಮಳೆ ದಾಟುವವರೆಗೆ ಮನೆಯನ್ನು ನಿಲ್ಲಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಸುಲಭವಲ್ಲ. ರಾತ್ರಿ ನಿದ್ದೆಯಿಲ್ಲ, ಮೈಕೈ ನೋವು, ನಡುನಡುವೆ ಜಗಳ. ಆದರೆ ಆ ದಾರಿಯಲ್ಲಿ ಗುಡ್ಡ ಗುಡ್ಡವಾಗಿಯೇ ಉಳಿಯುತ್ತದೆ, ಹಣ ಕೈಯಲ್ಲಿ ಉಳಿಯುತ್ತದೆ, ಮನೆಯ ಮಾತಿನಲ್ಲಿ ಹೆಂಡತಿಯ ತಿಳಿವಳಿಕೆಗೂ ಸ್ಥಾನ ಸಿಗುತ್ತದೆ. ಧರೆ ಬಿರಿದಿಲ್ಲ, ಗೋಡೆಯ ಬುಡ ಗಟ್ಟಿಯಿದೆ ಎಂದಾದರೆ, ಎರಡನೆಯ ದಾರಿಯನ್ನೇ ಹಿಡಿಯುವಂತೆ ಅವರಿಗೆ ಹೇಳುವ ಧೈರ್ಯ ಊರಿಗೆ ಬರಬೇಕು. ಹೇಳಿದ ಮೇಲೆ ಏಣಿ ಹಿಡಿಯಲು ಹೋಗುವ ಹೊಣೆಯೂ ಊರಿನದೇ.

ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಮನೆಯ ಸುತ್ತ ಒಮ್ಮೆ ನಡೆದು ನೋಡಲಿ. ಒಬ್ಬರೇ ಅಲ್ಲ, ಇಬ್ಬರೂ ಕೂಡಿ.